ಲೇಸರ್ ಪೊರೆ ಆಪರೇಷನ್: ಮೊದಲ ಕಣ್ಣು ನೋಯಲೇ ಇಲ್ಲ, ಎರಡನೆಯದಕ್ಕೆ ಯಾಕಿಷ್ಟು ನೋವು?

ಮೈಸೂರು_ಮಗಳು

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 67 ವರ್ಷ. ಸಕ್ಕರೆ ಕಾಯಿಲೆ ಇದೆ, ಆದರೆ ಹಿಡಿತದಲ್ಲಿದೆ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಲೇಸರ್ ಸಹಾಯದಿಂದ ಮಾಡುವ ಆಪರೇಷನ್ ಒಳ್ಳೆಯದು ಅಂದರು, ಒಪ್ಪಿಕೊಂಡೆವು. ಬಲಗಣ್ಣಿನದು ಕಳೆದ ತಿಂಗಳು ಆಯಿತು. ಅವತ್ತು ಸಂಜೆಯೇ ಅಮ್ಮ ಎದ್ದು ಕೂತು ಕಾಫಿ ಕೇಳಿದರು. ನೋವು ಅಂದರೆ ಏನು ಅಂತಲೇ ಗೊತ್ತಾಗಲಿಲ್ಲ ಅಂತಿದ್ದರು.

ಈ ವಾರ ಎಡಗಣ್ಣು ಮಾಡಿಸಿದೆವು. ಅದೇ ಡಾಕ್ಟರು, ಅದೇ ಯಂತ್ರ, ಅದೇ ಕಂಪನಿಯ ಲೆನ್ಸ್. ಆದರೆ ಲೇಸರ್ ಯಂತ್ರ ಕಣ್ಣಿಗೆ ಒತ್ತಿಕೊಂಡಾಗಲೇ ನೋವಾಯಿತಂತೆ. ಆಮೇಲೆ ಒಳಗೆ ಯಾರೋ ಎಳೆದ ಹಾಗೆ ಆಯಿತಂತೆ. ರಾತ್ರಿ ಹುಬ್ಬಿನ ಮೇಲೆಲ್ಲ ಸೆಳೆತ. ಈಗ ಬೆಳಕು ನೋಡಿದರೆ ಕಣ್ಣು ಮುಚ್ಚಿಕೊಳ್ಳುತ್ತಾರೆ, ನೀರು ಸುರಿಯುತ್ತದೆ. ಬಿಳಿ ಗುಡ್ಡೆಯಲ್ಲಿ ಕೆಂಪಗೆ ರಕ್ತದ ಮಚ್ಚೆಯೂ ಇದೆ.

ಆಸ್ಪತ್ರೆಗೆ ಫೋನ್ ಮಾಡಿದರೆ "ಲೇಸರ್‌ನಲ್ಲಿ ನೋವು ಇರಲ್ಲಮ್ಮ, ಅವರು ಗಾಬರಿಯಾಗಿರಬೇಕು" ಅಂದರು. ಅಣ್ಣನೂ ಅದನ್ನೇ ಹೇಳುತ್ತಿದ್ದಾನೆ. ನನಗೆ ಅಮ್ಮ ಸುಮ್ನೆ ಹೇಳುವವರಲ್ಲ ಅಂತ ಗೊತ್ತು. ಬೇರೆ ಯಾರಿಗಾದರೂ ಹೀಗಾಗಿದೆಯಾ? ಮುಂದಿನ ಚೆಕಪ್‌ವರೆಗೆ ಕಾಯಬಹುದಾ?

ತುಮಕೂರು_ತೆಂಗು

ನಮ್ಮ ತಂದೆಗೂ ಥೇಟ್ ಹೀಗೇ. ಮೊದಲನೆಯದು ಹೂವಿನ ಹಾಗೆ ಮುಗಿಯಿತು, ಎರಡನೆಯದರಲ್ಲಿ ಟೇಬಲ್ ಮೇಲೇ "ನೋಯ್ತಿದೆ" ಅಂದರಂತೆ. ಅವರದು ಲೇಸರ್ ಅಲ್ಲ, ಮಾಮೂಲಿ ಫೇಕೋ, ಅಂದರೆ ಅಲ್ಟ್ರಾಸೌಂಡ್ ಬಳಸಿ ಪೊರೆ ಒಡೆದು ತೆಗೆಯುವುದು. ಅಮ್ಮನ ಮಾತು ನಂಬಿ.

ದಾವಣಗೆರೆ_ದೊಡ್ಡಪ್ಪ

ಮೊದಲು ಒಂದು ವಿಷಯ ಹೇಳಿ. ದೃಷ್ಟಿ ಹೇಗಿದೆ? ಆಪರೇಷನ್ ಮಾರನೇ ದಿನಕ್ಕಿಂತ ಈಗ ಮಂಜು ಜಾಸ್ತಿಯಾಗಿದೆಯಾ? ನೋವು ಏರುತ್ತಿದೆಯಾ, ಇಳಿಯುತ್ತಿದೆಯಾ? ವಾಂತಿ ಬಂದ ಹಾಗೆ ಆಗುತ್ತಿದೆಯಾ? ಇದರಲ್ಲಿ ಯಾವುದಕ್ಕಾದರೂ ಹೌದು ಅಂದರೆ ಇಲ್ಲಿ ಉತ್ತರ ಓದುತ್ತ ಕೂರಬೇಡಿ, ಈಗಲೇ ಹೊರಡಿ.

ಮೈಸೂರು_ಮಗಳು

ವಾಂತಿ ಇಲ್ಲ. ದೃಷ್ಟಿ ನಿನ್ನೆಯಷ್ಟೇ ಇದೆ, ಸ್ವಲ್ಪ ಮಂಜು. ನೋವು ಇಳಿದಿಲ್ಲ, ಏರಿಯೂ ಇಲ್ಲ. ಬೆಳಕು ತಡೆಯಲು ಆಗುತ್ತಿಲ್ಲ ಅನ್ನುವುದೇ ದೊಡ್ಡ ದೂರು.

ಕನ್ನಡಕದ_ಕೆಲಸ

ನಾನು ಆಪ್ಟೋಮೆಟ್ರಿಸ್ಟ್, ಅಂದರೆ ದೃಷ್ಟಿ ಪರೀಕ್ಷಿಸಿ ಕನ್ನಡಕ ಬರೆದುಕೊಡುವ ಕೆಲಸ, ಕಣ್ಣಾಸ್ಪತ್ರೆಯಲ್ಲೇ. ಡಾಕ್ಟರ್ ಅಲ್ಲ. ನಿಮ್ಮ ಅಮ್ಮನನ್ನು ನೋಡದೆ ಇದೇ ಕಾರಣ ಅಂತ ಹೇಳಲಾರೆ. ಆದರೆ "ಲೇಸರ್‌ನಲ್ಲಿ ನೋವಿಲ್ಲ" ಅನ್ನುವ ಮಾತು ಕೇಳಿದಾಗೆಲ್ಲ ನನಗೆ ಬೇಸರವಾಗುತ್ತದೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಈ ಲೇಸರ್‌ಗೆ ಫೆಮ್ಟೋಸೆಕೆಂಡ್ ಲೇಸರ್ ಅನ್ನುತ್ತಾರೆ. 2008ರಲ್ಲಿ ಬುಡಾಪೆಸ್ಟ್‌ನಲ್ಲಿ ಡಾ. ಜೋಲ್ಟಾನ್ ನಾಜ್ ಮೊದಲ ಬಾರಿಗೆ ಮನುಷ್ಯರ ಪೊರೆ ಆಪರೇಷನ್‌ಗೆ ಇದನ್ನು ಬಳಸಿದರು. ಇದು ಮಾಡುವ ಕೆಲಸ ಇಷ್ಟೇ: ಕಣ್ಣಿನ ಸ್ವಂತ ಲೆನ್ಸನ್ನು ಸುತ್ತಿರುವ ಚೀಲದ ಮುಂಭಾಗವನ್ನು ಗುಂಡಗೆ ಕತ್ತರಿಸುವುದು, ಗಟ್ಟಿಯಾದ ಪೊರೆಯನ್ನು ತುಂಡು ಮಾಡುವುದು, ಬೇಕಿದ್ದರೆ ಕಾರ್ನಿಯಾದಲ್ಲಿ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಸೀಳು ಹಾಕುವುದು. ತುಂಡುಗಳನ್ನು ಹೊರತೆಗೆಯಲು ಮತ್ತೆ ಅಲ್ಟ್ರಾಸೌಂಡ್ ಫೇಕೋ ಬೇಕೇ ಬೇಕು. ಹೊಸ ಲೆನ್ಸ್ ಕೂರಿಸುವುದೂ ಕೈಯಲ್ಲೇ.

ಲೇಸರ್ ಹೊಡೆಯುವಾಗ ಕಣ್ಣು ಅಲುಗಬಾರದು ಅಂತ ಒಂದು ರಿಂಗ್ ಇಟ್ಟು ಹೀರಿ ಹಿಡಿಯುತ್ತಾರೆ. ಅಮ್ಮ ಹೇಳಿದ ಒತ್ತಡ ಅದೇ ಇರಬೇಕು. ಬಿಳಿ ಗುಡ್ಡೆಯ ಮೇಲಿನ ರಕ್ತದ ಮಚ್ಚೆಯೂ ಬಹಳಷ್ಟು ಸಲ ಅದರಿಂದಲೇ ಬರುತ್ತದೆ. ನೋಡಲು ಭಯವಾಗುತ್ತದೆ, ಒಂದೆರಡು ವಾರದಲ್ಲಿ ತಾನಾಗಿಯೇ ಕರಗುತ್ತದೆ.

ಇನ್ನು ಉರಿಯೂತ. ಲೇಸರ್ ಚೀಲವನ್ನು ಕತ್ತರಿಸುವಾಗ ಕಣ್ಣಿನ ಒಳನೀರಿನಲ್ಲಿ ಪ್ರೋಸ್ಟಾಗ್ಲಾಂಡಿನ್ ಅನ್ನುವ ರಾಸಾಯನಿಕ ಏರುತ್ತದೆ. ನೋವು, ಕೆಂಪು, ಊತ ತರುವುದರಲ್ಲಿ ಅದರ ಕೈವಾಡ ಇದೆ. ಅದೇ ಕಾರಣಕ್ಕೆ ಲೇಸರ್ ಆದ ಮೇಲೆ ಕಣ್ಣಪಾಪೆ ಕುಗ್ಗುತ್ತದೆ. ಪಾಪೆ ಚಿಕ್ಕದಾದರೆ ಸರ್ಜನ್ ಕೆಲಸ ಕಷ್ಟ. ಇದನ್ನು ತಡೆಯಲು ಆಪರೇಷನ್‌ಗೆ ಮೊದಲೇ ನೆಪಾಫೆನಾಕ್, ಕೆಟೊರೊಲಾಕ್, ಬ್ರೊಮ್‌ಫೆನಾಕ್ ಥರದ, ಉರಿಯೂತ ಇಳಿಸುವ, ಸ್ಟಿರಾಯ್ಡ್ ಅಲ್ಲದ ಹನಿ ಶುರು ಮಾಡಿಸುತ್ತಾರೆ. ಎರಡನೇ ಕಣ್ಣಿಗೆ ಆ ಹನಿ ಮೊದಲೇ ಹಾಕಿದ್ದರಾ? ಚೀಟಿ ನೋಡಿ ಹೇಳಿ.

ಎರಡನೇ ಕಣ್ಣು ಜಾಸ್ತಿ ನೋಯುವುದು ಅಮ್ಮನ ಕಲ್ಪನೆ ಅಲ್ಲ. ಬೇರೆ ಬೇರೆ ದೇಶಗಳಲ್ಲಿ ರೋಗಿಗಳನ್ನು ಕೇಳಿ ದಾಖಲಿಸಿದ್ದಾರೆ. ಒಂದು ಕಾರಣ ಮನಸ್ಸಿನದು. ಮೊದಲ ಸಲ ಭಯ ಜಾಸ್ತಿ, "ಅಯ್ಯೋ ಇಷ್ಟೇನಾ" ಅನಿಸುತ್ತದೆ. ಎರಡನೇ ಸಲ ಭಯ ಇರಲ್ಲ, ಏನು ನಡೆಯುತ್ತಿದೆ ಅಂತ ಗಮನ ಇರುತ್ತದೆ, ಹಾಗಾಗಿ ಚಿಕ್ಕದೂ ಗೊತ್ತಾಗುತ್ತದೆ. ಆದರೆ ಮನಸ್ಸಿನದು ಅಷ್ಟೇ ಅಲ್ಲ. ಚೀನಾದ ವೈದ್ಯರು ಎರಡನೇ ಕಣ್ಣಿನ ಒಳನೀರನ್ನು ಪರೀಕ್ಷಿಸಿದಾಗ ಉರಿಯೂತ ಕರೆತರುವ ಪ್ರೋಟೀನ್ ಅಲ್ಲಿ ಹೆಚ್ಚಿತ್ತು. ಒಂದು ಕಣ್ಣಿಗೆ ಕತ್ತರಿ ಬಿದ್ದರೆ ಇನ್ನೊಂದು ಕಣ್ಣೂ ಎಚ್ಚೆತ್ತುಕೊಳ್ಳುತ್ತದೆ ಅನ್ನುವುದಕ್ಕೆ ಅದು ಸಾಕ್ಷಿ.

ಬೆಳಕು ತಡೆಯಲು ಆಗದಿದ್ದರೆ ಚೆಕಪ್‌ವರೆಗೆ ಕಾಯಬೇಡಿ. ನಾಳೆ ಬೆಳಿಗ್ಗೆಯೇ ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪ್‌ನಲ್ಲಿ ನೋಡಿಸಿ, ಕಣ್ಣಿನ ಒತ್ತಡವನ್ನೂ ಅಳತೆ ಮಾಡಿಸಿ.

ಹಳ್ಳಿಮನೆ_ಅಜ್ಜಿ

ನನ್ನ ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ. ನಾವೆಲ್ಲ ಕಣ್ಣು ಉರಿದರೆ ನಂದಿಬಟ್ಟಲು ಹೂವು ನೆನೆಸಿದ ನೀರು ಬಿಡುತ್ತಿದ್ದೆವು. ರೆಪ್ಪೆ ಮೇಲೆ ಹರಳೆಣ್ಣೆ ಸವರಿದರೆ ತಂಪು. ಜೊತೆಗೆ ಬದನೆಕಾಯಿ, ಮೀನು ಕೊಡಬೇಡಿ, ನಂಜು.

ಕನ್ನಡಕದ_ಕೆಲಸ

ಅಜ್ಜಿ, ನಿಮ್ಮ ಪ್ರೀತಿ ಅರ್ಥವಾಗುತ್ತದೆ. ಆದರೆ ದಯವಿಟ್ಟು ಬೇಡ. ಆಪರೇಷನ್ ಆದ ಕಣ್ಣಿನಲ್ಲಿ ಹೊಲಿಗೆ ಹಾಕದ ಸೀಳು ಇರುತ್ತದೆ. ಹೂವಿನ ನೀರು, ಎಣ್ಣೆ, ಜೇನುತುಪ್ಪ, ಎದೆಹಾಲು, ರೋಸ್ ವಾಟರ್ ಯಾವುದೂ ಕಣ್ಣಿನ ಹತ್ತಿರ ಹೋಗಬಾರದು. ಸೋಂಕು ಒಳಗೆ ಹೋದರೆ ಒಂದೇ ದಿನದಲ್ಲಿ ದೃಷ್ಟಿ ಹೋಗಬಹುದು. ಊಟಕ್ಕೆ ಯಾವ ಪಥ್ಯವೂ ಬೇಕಿಲ್ಲ. ಬದನೆಕಾಯಿ ತಿಂದರೆ ಕಣ್ಣಿಗೆ ಏನೂ ಆಗುವುದಿಲ್ಲ. ಸಕ್ಕರೆ ಕಾಯಿಲೆ ಇರುವವರು ಸಕ್ಕರೆ ನೋಡಿಕೊಂಡರೆ ಸಾಕು.

ಹಳ್ಳಿಮನೆ_ಅಜ್ಜಿ

ಸರಿ ಮಗಾ. ತಲೆಗೆ ನೀರು?

ಕನ್ನಡಕದ_ಕೆಲಸ

ಕಣ್ಣಿಗೆ ನೀರು, ಸೋಪು ತಾಗಬಾರದು ಅನ್ನುವುದಷ್ಟೇ ಮುಖ್ಯ. ಕತ್ತಿನಿಂದ ಕೆಳಗೆ ಸ್ನಾನ ಮಾಡಬಹುದು. ತಲೆಸ್ನಾನ ಯಾವತ್ತಿನಿಂದ ಅಂತ ನಿಮ್ಮ ಡಾಕ್ಟರು ಹೇಳಿದ ಹಾಗೆ. ಒಲೆ ಮುಂದಿನ ಹೊಗೆ, ಒಗ್ಗರಣೆಯ ಘಾಟು ಸ್ವಲ್ಪ ದಿನ ದೂರ ಇರಲಿ.

ಜಯನಗರ_4ನೇ_ಬ್ಲಾಕ್

ನಾನು ಒಂದು ಮಾತು ಹೇಳಲೇಬೇಕು. ಲೇಸರ್‌ಗೆ ಅಂತ ಕಣ್ಣಿಗೆ ಇಷ್ಟು ಸಾವಿರ ಜಾಸ್ತಿ ಕೊಡುತ್ತೀರಲ್ಲ, ಅದರಿಂದ ಏನು ಸಿಕ್ಕಿತು? ಫ್ರಾನ್ಸ್‌ನಲ್ಲಿ ಐದು ಯೂನಿವರ್ಸಿಟಿ ಆಸ್ಪತ್ರೆಗಳು ಸೇರಿ ಸುಮಾರು 900 ಜನರ ಮೇಲೆ ಫೆಮ್‌ಕ್ಯಾಟ್ ಅಂತ ಅಧ್ಯಯನ ಮಾಡಿದರು. 2020ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಮಾಮೂಲಿ ಫೇಕೋಗಿಂತ ಲೇಸರ್ ಮೇಲಲ್ಲ, ಕೊಟ್ಟ ಹಣಕ್ಕೆ ತಕ್ಕ ಲಾಭ ಇಲ್ಲ ಅಂತ ಬರೆದರು. ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ 785 ಜನರ ಮೇಲೆ ಮಾಡಿದ ಫ್ಯಾಕ್ಟ್ ಅಧ್ಯಯನವೂ ಹೆಚ್ಚು ಕಡಿಮೆ ಅದನ್ನೇ ಹೇಳಿತು. ಆದರೂ ನಮ್ಮಲ್ಲಿ "ಬ್ಲೇಡ್ ಇಲ್ಲ, ನೋವಿಲ್ಲ" ಅಂತ ಬೋರ್ಡ್ ಹಾಕಿಕೊಂಡು ಮಾರುತ್ತಾರೆ. ವಿಮಾ ಕಂಪನಿ ಆಮೇಲೆ ಮಾಮೂಲಿ ಆಪರೇಷನ್ನಿನ ಮಿತಿಯಷ್ಟೇ ಕೊಟ್ಟು ಕೈ ತೊಳೆದುಕೊಳ್ಳುತ್ತದೆ. ನನ್ನ ಕೈಯಿಂದ ಹೋಗಿದೆ, ಅದಕ್ಕೇ ಹೇಳುತ್ತಿದ್ದೇನೆ.

ಶರಾವತಿ_ತೀರ

ಸ್ವಾಮಿ, ಆ ಅಧ್ಯಯನಗಳು ಲೇಸರ್ ಕೆಟ್ಟದ್ದು ಅಂತ ಹೇಳಿಲ್ಲ. ದೃಷ್ಟಿಯ ಫಲಿತಾಂಶ ಎರಡರಲ್ಲೂ ಸಮ ಅಂತ ಹೇಳಿವೆ. ನನ್ನ ಅತ್ತೆಗೆ ಪೊರೆ ಕಲ್ಲಿನಷ್ಟು ಗಟ್ಟಿಯಾಗಿತ್ತು, ಕಾರ್ನಿಯಾ ಒಳಗಿನ ಜೀವಕೋಶಗಳು ಕಡಿಮೆ ಇದ್ದವು. ಲೇಸರ್ ಮೊದಲೇ ತುಂಡು ಮಾಡಿದ್ದರಿಂದ ಅಲ್ಟ್ರಾಸೌಂಡ್ ಕಡಿಮೆ ಸಾಕಾಯಿತು ಅಂತ ಸರ್ಜನ್ ವಿವರಿಸಿದರು. ಅಲ್ಟ್ರಾಸೌಂಡ್ ಕಡಿಮೆಯಾದರೆ ಕಾರ್ನಿಯಾದ ಊತವೂ ಕಡಿಮೆ ಅಲ್ವಾ? ಎಲ್ಲರಿಗೂ ಬೇಡ, ಕೆಲವರಿಗೆ ಬೇಕು. ಎಲ್ಲವನ್ನೂ ಮೋಸ ಅನ್ನಬೇಡಿ.

ಜಯನಗರ_4ನೇ_ಬ್ಲಾಕ್

ಮೋಸ ಅನ್ನಲಿಲ್ಲ. ಅನುಕೂಲವನ್ನು ಮಾತ್ರ ಹೇಳಿ, ಹೀರುವ ರಿಂಗ್, ಪ್ರೋಸ್ಟಾಗ್ಲಾಂಡಿನ್ ಇದ್ಯಾವುದನ್ನೂ ಹೇಳದೆ ಸಹಿ ಹಾಕಿಸಿಕೊಳ್ಳುತ್ತಾರಲ್ಲ, ಅದು ತಪ್ಪು ಅಂದೆ. ಈ ತಾಯಿಗೆ ಮೊದಲೇ "ಎರಡನೇ ಕಣ್ಣು ಸ್ವಲ್ಪ ಜಾಸ್ತಿ ನೋಯಬಹುದು" ಅಂತ ಹೇಳಿದ್ದರೆ ಇಷ್ಟು ಗಾಬರಿ ಇರುತ್ತಿತ್ತಾ?

ಶರಾವತಿ_ತೀರ

ಈ ಮಾತನ್ನು ಪೂರ್ತಿ ಒಪ್ಪುತ್ತೇನೆ.

ಕೋಲಾರ_ಕೆರೆ

ನೀವೆಲ್ಲ ಯಾಕಿಷ್ಟು ಹೆದರಿಸುತ್ತೀರಿ? ನಮ್ಮ ಮಾವನಿಗೆ ಪೊರೆ ಲೇಸರ್‌ನಲ್ಲಿ ಐದೇ ನಿಮಿಷಕ್ಕೆ ತೆಗೆದರು. ಕುರ್ಚಿ ಮೇಲೆ ಕೂರಿಸಿ, ಗದ್ದ ಇಡಿಸಿ, ಟಿಕ್ ಟಿಕ್ ಅಂತ ಹೊಡೆದರು. ಬಸ್ಸಿನಲ್ಲೇ ಮನೆಗೆ ಬಂದರು.

ಕನ್ನಡಕದ_ಕೆಲಸ

ಅದು ಬೇರೆ ಲೇಸರ್, ಯಾಗ್ ಲೇಸರ್. ನಿಮ್ಮ ಮಾವನಿಗೆ ಹಿಂದೆಯೇ ಪೊರೆ ಆಪರೇಷನ್ ಆಗಿರಬೇಕು. ಹಾಕಿದ ಲೆನ್ಸಿನ ಹಿಂದಿನ ಚೀಲ ಕೆಲವರಲ್ಲಿ ತಿಂಗಳುಗಳು, ವರ್ಷಗಳು ಕಳೆದ ಮೇಲೆ ಮಸುಕಾಗುತ್ತದೆ. ಜನ "ಪೊರೆ ಮತ್ತೆ ಬಂತು" ಅನ್ನುತ್ತಾರೆ. ಪೊರೆ ಮತ್ತೆ ಬರುವುದಿಲ್ಲ. ಯಾಗ್ ಲೇಸರ್‌ನಿಂದ ಆ ಮಸುಕು ಚೀಲದಲ್ಲಿ ಕಿಂಡಿ ಮಾಡುತ್ತಾರೆ, ಅಷ್ಟೇ.

ಕೋಲಾರ_ಕೆರೆ

ಹೌದು, ಆಪರೇಷನ್ ಮೊದಲೇ ಆಗಿತ್ತು. ಈಗ ಅರ್ಥವಾಯಿತು.

ನಿವೃತ್ತ_ಮೇಷ್ಟ್ರು_ಬಾಗಲಕೋಟೆ

ನೋವಿನ ಮಾತು ಬಂದದ್ದಕ್ಕೆ ಹಳೆಯದು ನೆನಪಾಯಿತು. ನಮ್ಮ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರ ಶಿಬಿರ ಗೊತ್ತಲ್ಲ? ಊರೂರಿಗೆ ಹೋಗಿ ಒಂದೇ ದಿನದಲ್ಲಿ ನೂರಾರು ಜನರ ಪೊರೆ ತೆಗೆಯುತ್ತಿದ್ದರು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂತು. ನಮ್ಮಜ್ಜನಿಗೆ ಅಂಥ ಶಿಬಿರದಲ್ಲೇ ಆಪರೇಷನ್ ಆಗಿದ್ದು. ಒಳಗೆ ಲೆನ್ಸ್ ಹಾಕುವ ಕಾಲ ಅಲ್ಲ ಅದು. ಕಣ್ಣಿಗೆ ಪಟ್ಟಿ ಕಟ್ಟಿ ಸಾಲಾಗಿ ಮಲಗಿಸುತ್ತಿದ್ದರು, ತಲೆ ಅಲ್ಲಾಡಿಸಬಾರದು. ಆಮೇಲೆ ಜೀವನಪೂರ್ತಿ ದಪ್ಪ ಗಾಜಿನ ಕನ್ನಡಕ. ನೋವಿನ ಬಗ್ಗೆ ಯಾರೂ ಕೇಳುತ್ತಲೂ ಇರಲಿಲ್ಲ, ಅಜ್ಜ ಹೇಳುತ್ತಲೂ ಇರಲಿಲ್ಲ. ಕಣ್ಣು ಬಂತಲ್ಲ ಅನ್ನುವುದೇ ದೊಡ್ಡದಾಗಿತ್ತು.

ತುಮಕೂರು_ತೆಂಗು

ಮೋದಿ ಡಾಕ್ಟರ ಹೆಸರು ಕೇಳಿದರೆ ಈಗಲೂ ನಮ್ಮ ಮನೆಯಲ್ಲಿ ಕೈ ಮುಗಿಯುತ್ತಾರೆ. ಆದರೆ ಮೇಷ್ಟ್ರೇ, ಅಜ್ಜ ಹೇಳಲಿಲ್ಲ ಅಂದರೆ ನೋವಿರಲಿಲ್ಲ ಅಂತ ಅಲ್ಲ ಅಲ್ವಾ? ವಯಸ್ಸಾದವರು ಹೇಳಿದಾಗ ಈಗಲಾದರೂ ಕೇಳಿಸಿಕೊಳ್ಳಬೇಕು.

ನಿವೃತ್ತ_ಮೇಷ್ಟ್ರು_ಬಾಗಲಕೋಟೆ

ನಾನೂ ಅದನ್ನೇ ಹೇಳಲು ಹೊರಟಿದ್ದು. ಮೈಸೂರಿನ ಮಗಳು ಅಮ್ಮನ ಮಾತು ಕೇಳಿಸಿಕೊಂಡಿದ್ದಾಳೆ, ಸಂತೋಷ.

ಮೈಸೂರು_ಮಗಳು

ಬೆಳಿಗ್ಗೆ ಹೋಗಿ ಬಂದೆವು. ಡಾಕ್ಟರು ಸ್ಲಿಟ್ ಲ್ಯಾಂಪ್‌ನಲ್ಲಿ ನೋಡಿ, ಕಣ್ಣಿನ ಮುಂಭಾಗದ ನೀರಿನಲ್ಲಿ ಉರಿಯೂತದ ಕಣಗಳು ತೇಲುತ್ತಿವೆ, ಮೊದಲ ಕಣ್ಣಿಗಿಂತ ಜಾಸ್ತಿ ಇವೆ ಅಂದರು. ಒತ್ತಡ ಮಾಮೂಲಾಗಿದೆ. ಸೋಂಕಿನ ಲಕ್ಷಣ ಇಲ್ಲ. ಲೆನ್ಸ್ ಸರಿಯಾಗಿ ಕೂತಿದೆ. ಸ್ಟಿರಾಯ್ಡ್ ಹನಿಯನ್ನು ಎರಡು ಗಂಟೆಗೊಮ್ಮೆ ಹಾಕಲು ಹೇಳಿದರು, ನಾಡಿದ್ದು ಮತ್ತೆ ಬರಬೇಕು.

ಇನ್ನೊಂದು ವಿಷಯ. @ಕನ್ನಡಕದ_ಕೆಲಸ ಕೇಳಿದ್ದಕ್ಕೆ ಎರಡೂ ಚೀಟಿ ಪಕ್ಕಪಕ್ಕ ಇಟ್ಟು ನೋಡಿದೆ. ಮೊದಲ ಕಣ್ಣಿಗೆ ಆಪರೇಷನ್‌ಗೆ ಮುಂಚೆ ನೆಪಾಫೆನಾಕ್ ಬರೆದಿದ್ದರು. ಎರಡನೆಯದಕ್ಕೆ ಅದು ಬಿಟ್ಟೇ ಹೋಗಿದೆ. ಡಾಕ್ಟರನ್ನು ನೇರವಾಗಿ ಕೇಳಿದೆ. ಚೀಟಿ ಬರೆಯುವಾಗ ಬಿಟ್ಟಿದ್ದಾರೆ ಅಂತ ಒಪ್ಪಿಕೊಂಡರು, ಅಮ್ಮನ ಕ್ಷಮೆಯನ್ನೂ ಕೇಳಿದರು. ಈಗ ಅದನ್ನೂ ಸೇರಿಸಿದ್ದಾರೆ. ಸಕ್ಕರೆ ಕಾಯಿಲೆ ಇರುವುದರಿಂದ ಕೆಲವು ವಾರ ಮುಂದುವರಿಸಬೇಕಂತೆ. ಅಮ್ಮನಿಗೆ ಅರ್ಧ ನೋವು "ಗಾಬರಿ ಅಲ್ಲ" ಅಂತ ಕೇಳಿಯೇ ಹೋಯಿತು.

ದಾವಣಗೆರೆ_ದೊಡ್ಡಪ್ಪ

ಒಳ್ಳೆಯದಾಯಿತು. ನಾಡಿದ್ದರ ಭೇಟಿ ತಪ್ಪಿಸಬೇಡಿ.

ಕನ್ನಡಕದ_ಕೆಲಸ

ಸಮಾಧಾನವಾಯಿತು. ಆ ಒಂದೇ ಹನಿಯಿಂದ ಎಲ್ಲ ಆಯಿತು ಅಂತ ಹೇಳಲಾಗದು, ಆದರೆ ಬಿಡಬಾರದ ಹನಿ ಅದು. ಸಕ್ಕರೆ ಇರುವವರಿಗೆ ಇದು ಇನ್ನೂ ಮುಖ್ಯ. ಮುಂಭಾಗದ ಉರಿಯೂತ ಇಳಿದ ಮೇಲೂ, ಸುಮಾರು ನಾಲ್ಕರಿಂದ ಆರು ವಾರದ ಹೊತ್ತಿಗೆ ರೆಟಿನಾದ (ಕಣ್ಣಿನ ಹಿಂಭಾಗದ ಪರದೆ) ನಡುಭಾಗ ಊದಿಕೊಳ್ಳುವ ಅಪಾಯ ಇರುತ್ತದೆ. ಅದಕ್ಕೆ ನೋವೇ ಇರಲ್ಲ. ಚೆನ್ನಾಗಿ ಕಾಣುತ್ತಿದ್ದದ್ದು ಮತ್ತೆ ಮಂಜಾಗುತ್ತದೆ, ಗೆರೆಗಳು ಸೊಟ್ಟ ಕಾಣಬಹುದು. ಹಾಗೆ ಆದರೆ ರೆಟಿನಾದ ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನ್ ಮಾಡಿಸಬೇಕು. ಯುರೋಪಿನ ಪ್ರೆಮೆಡ್ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆ ಇಲ್ಲದವರಲ್ಲೇ ಸ್ಟಿರಾಯ್ಡ್ ಹನಿ, ಬ್ರೊಮ್‌ಫೆನಾಕ್ ಹನಿ ಎರಡೂ ಜೊತೆಯಾಗಿ ಹಾಕಿದಾಗ, ಒಂದನ್ನೇ ಹಾಕಿದ್ದಕ್ಕಿಂತ ಈ ಊತ ಕಡಿಮೆ ಬಂತು.

ಹನಿ ಹಾಕುವ ರೀತಿ ಬಗ್ಗೆ ಎರಡು ಮಾತು, ಯಾಕೆಂದರೆ ದಿನಾ ತಪ್ಪು ನೋಡುತ್ತೇನೆ. ಪ್ರೆಡ್ನಿಸೊಲೋನ್ ಅನ್ನುವ ಸ್ಟಿರಾಯ್ಡ್ ಹನಿಯ ಬಾಟಲಿಯಲ್ಲಿ ಔಷಧಿ ಕೆಳಗೆ ಕೂರುತ್ತದೆ, ಚೆನ್ನಾಗಿ ಅಲ್ಲಾಡಿಸಿ. ಕೆಳರೆಪ್ಪೆ ಎಳೆದು ಒಂದೇ ಹನಿ ಬಿಡಿ, ಬಾಟಲಿ ತುದಿ ರೆಪ್ಪೆಗೆ ತಾಗಬಾರದು. ಕಣ್ಣು ಮುಚ್ಚಿ ಮೂಗಿನ ಪಕ್ಕದ ಮೂಲೆಯನ್ನು ಮೆಲ್ಲಗೆ ಒತ್ತಿ ಹಿಡಿಯಿರಿ, ಆಗ ಗಂಟಲಿಗೆ ಇಳಿಯುವುದಿಲ್ಲ. ಎರಡು ಹನಿಗಳ ನಡುವೆ ಐದು ನಿಮಿಷ ಬಿಡಿ, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ. ಮೊದಲ ಕಣ್ಣಿಗೆ ತೆರೆದ ಹಳೆಯ ಬಾಟಲಿಯನ್ನು ಎರಡನೇ ಕಣ್ಣಿಗೆ ಬಳಸಬೇಡಿ.

ನೋವು ಹೋಯಿತು ಅಂತ ಸ್ಟಿರಾಯ್ಡ್ ಥಟ್ಟನೆ ನಿಲ್ಲಿಸಲೂಬಾರದು. ವಾರ ವಾರ ಇಳಿಸುತ್ತ ಬರಬೇಕು. ಥಟ್ಟನೆ ಬಿಟ್ಟರೆ ಉರಿಯೂತ ಮರಳಿ ಬರುತ್ತದೆ. ಹೇಳಿದ್ದಕ್ಕಿಂತ ಜಾಸ್ತಿ ದಿನ ಹಾಕಿದರೆ ಕೆಲವರಿಗೆ ಕಣ್ಣಿನ ಒತ್ತಡ ಏರುತ್ತದೆ.

ಹುಬ್ಬಳ್ಳಿ_ಹುಡುಗಿ

ನನ್ನ ಅಪ್ಪನಿಗೆ ಆಪರೇಷನ್ ಆಗಿ ಎರಡು ತಿಂಗಳಾಯಿತು. ಒಳಗೆ ಮರಳು ಬಿದ್ದ ಹಾಗೆ ಚುಚ್ಚುತ್ತದೆ ಅನ್ನುತ್ತಾರೆ. ಇದೂ ಉರಿಯೂತವೇ?

ಕನ್ನಡಕದ_ಕೆಲಸ

ಬಹಳ ಸಲ ಅದು ಕಣ್ಣಿನ ಒಣಗುವಿಕೆ. ಸೀಳು ಹಾಕುವಾಗ ಕಾರ್ನಿಯಾದ ಸಣ್ಣ ನರಗಳು ಕತ್ತರಿಸಿ ಹೋಗುತ್ತವೆ, ವಾರಗಟ್ಟಲೆ ಹಾಕುವ ಹನಿಗಳಲ್ಲಿ ಔಷಧಿ ಕೆಡದಂತೆ ಸೇರಿಸಿರುವ ಪ್ರಿಸರ್ವೇಟಿವ್ ಕೂಡ ಮೇಲ್ಮೈಯನ್ನು ಕೆರಳಿಸುತ್ತದೆ. ಪ್ರಿಸರ್ವೇಟಿವ್ ಇಲ್ಲದ ಕಣ್ಣೀರಿನ ಹನಿಯಿಂದ ಸಾಮಾನ್ಯವಾಗಿ ಇಳಿಯುತ್ತದೆ. ಒಮ್ಮೆ ತೋರಿಸಿ, ಅಂಗಡಿಯಲ್ಲಿ ಕೇಳಿ ಹನಿ ತಂದುಕೊಳ್ಳಬೇಡಿ. ಎಷ್ಟೋ ಅಂಗಡಿಯಲ್ಲಿ ಸ್ಟಿರಾಯ್ಡನ್ನೇ ಕೊಟ್ಟು ಕಳಿಸುತ್ತಾರೆ.

ಫಿನ್ಲೆಂಡ್_ಕನ್ನಡತಿ

ಇಲ್ಲಿ ಎರಡೂ ಕಣ್ಣನ್ನು ಒಂದೇ ದಿನ ಮಾಡುವುದು ಬಹಳ ವರ್ಷಗಳಿಂದ ನಡೆದು ಬಂದಿದೆ. ಒಂದು ಕಣ್ಣು ಮುಗಿದ ಮೇಲೆ ಗ್ಲೌಸ್, ಉಪಕರಣ, ಔಷಧಿ ಎಲ್ಲ ಹೊಸದು ತೆಗೆದುಕೊಂಡು, ಬೇರೆ ಆಪರೇಷನ್ ಅನ್ನುವ ಹಾಗೇ ಎರಡನೆಯದು ಮಾಡುತ್ತಾರೆ. ನನ್ನ ಪಕ್ಕದ ಮನೆಯವರು ಹಾಗೆ ಮಾಡಿಸಿಕೊಂಡರು, ಎರಡನೇ ಕಣ್ಣಿಗೆ ಅಂತ ಕಾಯುವ ಆತಂಕವೇ ಇರಲಿಲ್ಲ. ಊರಲ್ಲಿ ಯಾಕೆ ಹೀಗೆ ಮಾಡಲ್ಲ?

ದಾವಣಗೆರೆ_ದೊಡ್ಡಪ್ಪ

ಅಪರೂಪವಾದರೂ ಸೋಂಕಾದರೆ ಎರಡೂ ಕಣ್ಣಿಗೆ ಒಟ್ಟಿಗೆ ಆಗುತ್ತದಲ್ಲ ಅನ್ನುವ ಭಯ. ನಾನಂತೂ ಒಪ್ಪುತ್ತಿರಲಿಲ್ಲ.

ಫಿನ್ಲೆಂಡ್_ಕನ್ನಡತಿ

ಆ ಭಯಕ್ಕೇ ಎಲ್ಲ ಬೇರೆ ಬೇರೆ ಇಡುವುದು. ಆದರೆ ಹಾಗೆ ಕಟ್ಟುನಿಟ್ಟಾಗಿ ನಡೆಯುವ ಕಡೆ ಮಾತ್ರ ಮಾಡಿಸಬೇಕು, ಅದು ನಿಜ.

ಶಿವಮೊಗ್ಗ_ಮಳೆ

ತುಂಬ ಉಪಯೋಗವಾಯಿತು. ನಮ್ಮ ಅತ್ತೆಯ ಎರಡನೇ ಕಣ್ಣಿಗೆ ಮುಂದಿನ ಗುರುವಾರ ದಿನ ಕೊಟ್ಟಿದ್ದಾರೆ, ಲೇಸರ್‌ನಲ್ಲೇ. ಹೋಗುವ ಮೊದಲು ಏನೇನು ಕೇಳಬೇಕು?

ಮೈಸೂರು_ಮಗಳು

ಮೊದಲ ಕಣ್ಣಿನ ಚೀಟಿ ಜೊತೆಗೆ ತೆಗೆದುಕೊಂಡು ಹೋಗಿ, ಎರಡನ್ನೂ ಹೋಲಿಸಿ ನೋಡಿ. ಉರಿಯೂತದ ಹನಿ ಯಾವ ದಿನದಿಂದ ಶುರು ಅಂತ ಬಾಯಿಬಿಟ್ಟು ಕೇಳಿ. ಕಣ್ಣು ಮರಗಟ್ಟಿಸುವುದು ಬರೀ ಹನಿಯಿಂದಲೋ, ಇಂಜೆಕ್ಷನ್ನಿನಿಂದಲೋ ಅಂತಲೂ ಕೇಳಿ. ನೋವಾದರೆ ಟೇಬಲ್ ಮೇಲೇ ಹೇಳಬಹುದು, ಇನ್ನಷ್ಟು ಔಷಧಿ ಹಾಕುತ್ತಾರೆ ಅಂತ ಅತ್ತೆಗೆ ಮುಂಚೆಯೇ ಹೇಳಿಡಿ. ಅಮ್ಮ ಹೇಳದೆ ಸಹಿಸಿಕೊಂಡಿದ್ದರು.

ಕನ್ನಡಕದ_ಕೆಲಸ

ರಾತ್ರಿ ಹೊತ್ತು ಕರೆ ಮಾಡುವ ನಂಬರೂ ಬರೆಸಿಕೊಳ್ಳಿ. ಮೊದಲ ರಾತ್ರಿ ಹುಬ್ಬು, ಹಣೆ ಸಿಡಿದು ವಾಂತಿ ಬಂದರೆ ಕಣ್ಣಿನ ಒತ್ತಡ ಏರಿರಬಹುದು. ಮೊದಲ ವಾರದಲ್ಲಿ ನೋವು ಏರುತ್ತ ದೃಷ್ಟಿ ಇಳಿಯುತ್ತ ಹೋದರೆ ಸೋಂಕಿನ ಅನುಮಾನ. ಎರಡಕ್ಕೂ ಬೆಳಗಾಗುವವರೆಗೆ ಕಾಯಬಾರದು.

ಶಿವಮೊಗ್ಗ_ಮಳೆ

ಬರೆದುಕೊಂಡೆ. ನೆಪಾಫೆನಾಕ್ ನಮ್ಮ ಚೀಟಿಯಲ್ಲಿ ಇದೆ, ಆದರೆ ಯಾವತ್ತಿನಿಂದ ಅಂತ ಬರೆದಿಲ್ಲ. ನಾಳೆ ಬೆಳಿಗ್ಗೆಯೇ ಫೋನ್ ಮಾಡಿ ಕೇಳುತ್ತೇನೆ.